ಬೆಂಗಳೂರಿನಿಂದ ಈಜಿಪ್ಟಾಲಜಿಸ್ಟ್ ಆಗುವುದು ಹೇಗೆ: ಲಿಪಿ, ಕೈಕೆಲಸ, ಅರ್ಜಿ, ಮೊದಲ ಸೀಸನ್

ಈಜಿಪ್ಟಾಲಜಿ, ಅಂದರೆ ಪ್ರಾಚೀನ ಈಜಿಪ್ಟಿನ ಭಾಷೆ, ಶಾಸನ, ವಸ್ತುಗಳ ಅಧ್ಯಯನ, ಓದಬೇಕು ಎಂದು ತೀರ್ಮಾನಿಸಿದವರು ಸಾಮಾನ್ಯವಾಗಿ ಮೊದಲು ಹುಡುಕುವುದು ವಿದೇಶಿ ಯೂನಿವರ್ಸಿಟಿಗಳನ್ನು. ಆ ಹುಡುಕಾಟವನ್ನು ಒಂದು ವರ್ಷ ಮುಂದಕ್ಕೆ ಹಾಕಿ. ಸೀಟು ಕೊಡುವವರಾಗಲಿ, ಸ್ಕಾಲರ್‌ಶಿಪ್ ಕೊಡುವವರಾಗಲಿ, ಉತ್ಖನನ ತಂಡದ ಮುಖ್ಯಸ್ಥರಾಗಲಿ ಕೊನೆಗೆ ಕೇಳುವುದು ಎರಡೇ ಪ್ರಶ್ನೆ: ಯಾವ ಭಾಷೆ ಓದಲು ಬರುತ್ತದೆ, ಕೈಯಲ್ಲಿ ಯಾವ ಕೆಲಸ ಇದೆ? ಪಿರಮಿಡ್ಡಿನ ಮೇಲಿನ ಪ್ರೀತಿ ಎಲ್ಲರ ಅರ್ಜಿಯಲ್ಲೂ ಇರುತ್ತದೆ, ಅದನ್ನು ಯಾರೂ ತೂಗುವುದಿಲ್ಲ. ಈ ಎರಡು ಪ್ರಶ್ನೆಗೂ ಉತ್ತರವನ್ನು ಬೆಂಗಳೂರಿನಲ್ಲೇ, ಡಿಗ್ರಿ ಓದುತ್ತಲೋ ಕೆಲಸಕ್ಕೆ ಹೋಗುತ್ತಲೋ, ಎರಡು ವರ್ಷದಲ್ಲಿ ಸಿದ್ಧ ಮಾಡಿಕೊಳ್ಳಬಹುದು. ಲಕ್ಷಗಟ್ಟಲೆ ಫೀಸು ಕಟ್ಟಿ ಅಲ್ಲಿಗೆ ಹೋದಮೇಲೆ ಅಕ್ಷರಾಭ್ಯಾಸ ಶುರು ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಕೈಕೆಲಸದ ಬೆಲೆ ಏನು ಎಂಬುದಕ್ಕೆ ಹೋವರ್ಡ್ ಕಾರ್ಟರ್ ಸಾಕ್ಷಿ. 1922ರಲ್ಲಿ ಟುಟಂಖಾಮನ್ ಸಮಾಧಿ ಪತ್ತೆ ಮಾಡಿದ ಈತನಿಗೆ ಕಾಲೇಜು ಶಿಕ್ಷಣವೇ ಇರಲಿಲ್ಲ. 1891ರಲ್ಲಿ, 17ನೇ ವಯಸ್ಸಿಗೆ, ಬೆನಿ ಹಸನ್‌ನ ಸಮಾಧಿಗಳ ಗೋಡೆಚಿತ್ರಗಳನ್ನು ನಕಲು ಮಾಡುವ ಚಿತ್ರಕಾರನಾಗಿ ಈಜಿಪ್ಟಿಗೆ ಕಾಲಿಟ್ಟವನು. ಈಗ ಡಿಗ್ರಿ ಇಲ್ಲದೆ ಬಾಗಿಲು ತೆರೆಯುವುದಿಲ್ಲ. ಆದರೆ ಒಂದೇ ಡಿಗ್ರಿಯ ಹತ್ತು ಜನರಲ್ಲಿ ಯಾರನ್ನು ತಂಡಕ್ಕೆ ಕರೆಯುತ್ತಾರೆ ಎಂಬುದನ್ನು ತೀರ್ಮಾನಿಸುವುದು ಇಂದಿಗೂ ಕೈಕೆಲಸವೇ.

ಈ ವೃತ್ತಿಯಲ್ಲಿ ವರ್ಷವಿಡೀ ಅಗೆಯುವುದಿಲ್ಲ ಎಂಬುದನ್ನೂ ಮೊದಲೇ ತಿಳಿದಿರಿ. ಹೆಚ್ಚಿನವರಿಗೆ ಫೀಲ್ಡ್ ಎಂದರೆ ವರ್ಷಕ್ಕೆ ಕೆಲವು ವಾರ. ಉಳಿದ ಕಾಲವೆಲ್ಲ ಶಾಸನ ಓದುವುದು, ಮಡಕೆ ಚೂರಿನ ಪಟ್ಟಿ ಮಾಡುವುದು, ಫೋಟೊ ಜೋಡಿಸುವುದು, ಪಾಠ ಹೇಳುವುದು, ಅನುದಾನಕ್ಕೆ ಅರ್ಜಿ ಬರೆಯುವುದು. ಶಾಸನದ ಒಂದು ಸಾಲಿನ ಮುಂದೆ ಮೂರು ಗಂಟೆ ಕೂರುವ ಸಹನೆ ಇದ್ದರೆ ಮಾತ್ರ ಮುಂದೆ ಓದಿ.

ಮೊದಲ ವರ್ಷ: ಲಿಪಿ

ಶುರು ಮಾಡಬೇಕಾದದ್ದು ಮಧ್ಯ ಈಜಿಪ್ಷಿಯನ್ ಭಾಷೆಯಿಂದ. ಇದು ಕ್ರಿ.ಪೂ. 2000ದ ಆಸುಪಾಸಿನ ಸಾಹಿತ್ಯ ಭಾಷೆ. ಆಡುಮಾತು ಬದಲಾದ ಮೇಲೂ ದೇವಾಲಯದ ಶಾಸನಗಳಲ್ಲಿ ಸಾವಿರಾರು ವರ್ಷ ಇದನ್ನೇ ಬಳಸಿದರು. ಇದು ಗಟ್ಟಿಯಾದರೆ ಹಿಂದಿನ ಹಳೆ ಈಜಿಪ್ಷಿಯನ್‌ಗೂ ಮುಂದಿನ ಲೇಟ್ ಈಜಿಪ್ಷಿಯನ್‌ಗೂ ದಾರಿ ಇದೆ. ವೇಗಬರಹವಾದ ಹಿಯರಾಟಿಕ್, ಅದರ ನಂತರದ ಡೆಮೋಟಿಕ್, ಗ್ರೀಕ್ ಅಕ್ಷರದಲ್ಲಿ ಬರೆಯುವ ಕಾಪ್ಟಿಕ್ ಇವೆಲ್ಲ ಆಮೇಲಿನವು. ಮೊದಲೇ ಡೆಮೋಟಿಕ್‌ಗೆ ಕೈ ಹಾಕಿದವರು ಅರ್ಧ ದಾರಿಯಲ್ಲಿ ಬಿಡುತ್ತಾರೆ. ಅದರ ಒಂದೊಂದು ಗೆರೆಯ ಹಿಂದೆ ಯಾವ ಹಳೆಯ ಚಿಹ್ನೆಗಳ ಗುಂಪು ಇದೆ ಎಂದು ಗೊತ್ತಿಲ್ಲದೆ ಅದು ತಲೆಗೆ ಹತ್ತುವುದಿಲ್ಲ.

ಪಠ್ಯಕ್ಕೆ ಜೇಮ್ಸ್ ಅಲೆನ್ ಅವರ ವ್ಯಾಕರಣ ಸಾಕು. 26 ಪಾಠ, ಪ್ರತಿ ಪಾಠಕ್ಕೂ ಅಭ್ಯಾಸ, ಹಿಂದೆ ಉತ್ತರ. ವಾರಕ್ಕೊಂದು ಪಾಠ ಎಂದು ಹಾಕಿಕೊಂಡರೂ ಕ್ರಿಯಾಪದ ಬಂದಲ್ಲಿಂದ ಎರಡು ವಾರಕ್ಕೊಂದು ಆಗುತ್ತದೆ, ಗಾಬರಿಯಾಗಬೇಡಿ. ದಿನಕ್ಕೆ 40 ನಿಮಿಷ, ವಾರಕ್ಕೆ ಆರು ದಿನ ಕೂತರೆ ಭಾನುವಾರ ಐದು ಗಂಟೆ ಕೂರುವುದಕ್ಕಿಂತ ಹೆಚ್ಚು ಉಳಿಯುತ್ತದೆ. ಚಿಹ್ನೆಗಳನ್ನು ಕೈಯಲ್ಲೇ ಬರೆಯಿರಿ. ಫೋನಿನ ಫ್ಲಾಶ್‌ಕಾರ್ಡಿನಲ್ಲಿ ಮಾತ್ರ ಕಲಿತವರಿಗೆ ಅಚ್ಚಿನ ಚಿಹ್ನೆ ಗುರುತಾಗುತ್ತದೆ, ಸವೆದ ಕಲ್ಲಿನ ಮೇಲಿನದು ಆಗುವುದಿಲ್ಲ.

ಮೊದಲ ಎರಡು ವಾರ ಒಂದೊಂದೇ ವ್ಯಂಜನ ಸೂಚಿಸುವ ಸುಮಾರು 24 ಚಿಹ್ನೆಗಳು. ಗೂಬೆ ಎಂದರೆ ಮ್, ನೀರಿನ ಅಲೆ ಎಂದರೆ ನ್, ಬಾಯಿ ಎಂದರೆ ರ್. ಆಮೇಲೆ ಎರಡು ವ್ಯಂಜನದವು, ಮೂರು ವ್ಯಂಜನದವು, ಕೊನೆಗೆ ಉಚ್ಚಾರವೇ ಇಲ್ಲದೆ ಪದ ಯಾವ ವರ್ಗದ್ದು ಎಂದಷ್ಟೇ ಸೂಚಿಸುವ ನಿರ್ಧಾರಕಗಳು. ಎಲ್ಲಕ್ಕೂ ಅಲನ್ ಗಾರ್ಡಿನರ್ ಮಾಡಿದ ವರ್ಗೀಕರಣದ ಸಂಖ್ಯೆ ಇದೆ: ಎ ಎಂದರೆ ಪುರುಷರು, ಜಿ ಎಂದರೆ ಪಕ್ಷಿಗಳು, ಎನ್ ಎಂದರೆ ಆಕಾಶ ಭೂಮಿ ನೀರು, ಹೀಗೆ 26 ಗುಂಪು. ಗೂಬೆ ಜಿ17, ನೀರಿನ ಅಲೆ ಎನ್35. ಈ ಸಂಖ್ಯೆಗಳನ್ನು ಚಿಹ್ನೆಯ ಜೊತೆಗೇ ಬಾಯಿಪಾಠ ಮಾಡಿ. ನಿಘಂಟು, ಸಾಫ್ಟ್‌ವೇರ್, ಸಹೋದ್ಯೋಗಿಗಳ ಇಮೇಲ್ ಎಲ್ಲವೂ ಈ ಸಂಖ್ಯೆಯಲ್ಲೇ ಮಾತಾಡುತ್ತವೆ.

ಹೊಸಬರು ಎಡವುವ ಜಾಗಗಳು ಗೊತ್ತಿರುವಂಥವೇ. ವೃತ್ತಗಳು ಮೂರು ಬಗೆ: ನಡುವೆ ಚುಕ್ಕಿ ಇದ್ದರೆ ಸೂರ್ಯ, ಒಳಗೆ ಅಡ್ಡಗೆರೆಗಳಿದ್ದರೆ ಗಂಟಲಿನ ಖ್ ಧ್ವನಿ, ಒಳಗೆ ಕತ್ತರಿಯಂತೆ ಎರಡು ದಾರಿ ಕೂಡಿದ್ದರೆ ಊರು. ಕಲ್ಲು ಸವೆದಿದ್ದರೆ ಮೂರೂ ಒಂದೇ ಥರ ಕಾಣುತ್ತವೆ. ಆಗ ಅಕ್ಕಪಕ್ಕದ ಚಿಹ್ನೆ ನೋಡಬೇಕು. ಊರಿನ ಚಿಹ್ನೆ ಸಾಮಾನ್ಯವಾಗಿ ಹೆಸರಿನ ಕೊನೆಯಲ್ಲಿ ಬರುತ್ತದೆ, ಖ್ ಪದದ ಒಳಗೆ ಎಲ್ಲಿ ಬೇಕಾದರೂ ಬರುತ್ತದೆ. ಪಕ್ಷಿಗಳಲ್ಲಿ ಗೂಬೆಯೊಂದೇ ಮುಖವನ್ನು ಪೂರ್ತಿ ನಮ್ಮ ಕಡೆ ತಿರುಗಿಸಿರುತ್ತದೆ, ರಣಹದ್ದು ಮತ್ತು ಕ್ವೇಲ್ ಮರಿ ಪಕ್ಕಕ್ಕೆ ನೋಡುತ್ತವೆ. ಇನ್ನು ಓದುವ ದಿಕ್ಕು: ಮನುಷ್ಯ, ಪ್ರಾಣಿ, ಪಕ್ಷಿಗಳು ಯಾವ ಕಡೆ ಮುಖ ಮಾಡಿವೆಯೋ ಆ ಕಡೆಯಿಂದ ಓದಬೇಕು. ಒಂದೇ ಬಾಗಿಲಿನ ಎಡಗಂಬ ಒಂದು ದಿಕ್ಕಿಗೂ ಬಲಗಂಬ ಇನ್ನೊಂದು ದಿಕ್ಕಿಗೂ ಇರುವುದು ಮಾಮೂಲು, ಹಾಗಾಗಿ ನೋಟ್‌ಬುಕ್‌ನಲ್ಲಿ ಪ್ರತಿ ಸಾಲಿನ ಮೇಲೂ ಬಾಣದ ಗುರುತು ಹಾಕುವ ಅಭ್ಯಾಸ ಮಾಡಿಕೊಳ್ಳಿ.

ಕನ್ನಡದವರಿಗೇ ವಿಶೇಷವಾಗಿ ಆಗುವ ತಪ್ಪುಗಳು ಎರಡು. ಒಂದು, ನಮ್ಮ ಲಿಪಿಯಲ್ಲಿ ವ್ಯಂಜನದ ಜೊತೆ ಅಕಾರ ತಾನಾಗಿಯೇ ಬರುವುದರಿಂದ ನೋಟ್ಸ್ ಬರೆಯುವಾಗ ಅರ್ಧಾಕ್ಷರ ಮರೆತು ಮ, ನ, ರ ಎಂದು ಬರೆಯುತ್ತೇವೆ. ಈಜಿಪ್ಟಿನ ಲಿಪಿಯಲ್ಲಿ ಸ್ವರವೇ ಬರೆದಿಲ್ಲ. ತರಗತಿಯಲ್ಲಿ ನೆಫೆರ್, ಹೆತೆಪ್ ಎಂದು ಎಕಾರ ಸೇರಿಸಿ ಓದುವುದು ಬಾಯಿಗೆ ಅನುಕೂಲವಾಗಲಿ ಎಂದು ಮಾತ್ರ. ಇನ್ನೊಂದು, ಸಂಸ್ಕೃತದ ರೋಮನ್ ಲಿಪ್ಯಂತರ ಕಲಿತವರ ಗೊಂದಲ. ಸಂಸ್ಕೃತದಲ್ಲಿ ಹಕಾರದ ಕೆಳಗಿನ ಚುಕ್ಕಿ ವಿಸರ್ಗ. ಈಜಿಪ್ಷಿಯನ್‌ನಲ್ಲಿ ಅದು ಗಂಟಲಿನಿಂದ ಬರುವ ಬೇರೆಯೇ ವ್ಯಂಜನ, ಅರಬ್ಬಿಯ ಮುಹಮ್ಮದ್ ಎಂಬಲ್ಲಿನ ಹ. ಸಂಸ್ಕೃತದಲ್ಲಿ ತ, ದಗಳ ಕೆಳಗಿನ ಚುಕ್ಕಿ ಟ, ಡ. ಇಲ್ಲಿ ಅವುಗಳ ಕೆಳಗೆ ಗೆರೆ ಇದ್ದರೆ ಚ, ಜಗಳಿಗೆ ಹತ್ತಿರದ ಧ್ವನಿ. ಈಜಿಪ್ಷಿಯನ್‌ನಲ್ಲಿ ಹ ಜಾತಿಯ ಧ್ವನಿಗಳೇ ನಾಲ್ಕು. ಅವನ್ನು ಕನ್ನಡ ಲಿಪಿಯಲ್ಲಿ ಬೇರ್ಪಡಿಸಿ ಬರೆಯಲು ಆಗುವುದಿಲ್ಲ, ಆದ್ದರಿಂದ ಮೊದಲ ದಿನದಿಂದಲೇ ಅಂತರರಾಷ್ಟ್ರೀಯ ಲಿಪ್ಯಂತರದಲ್ಲೇ ಬರೆಯಿರಿ.

ವ್ಯಾಕರಣ ಆರೇಳು ಪಾಠ ದಾಟುತ್ತಿದ್ದಂತೆ ಕಲ್ಲಿನ ಪಠ್ಯಕ್ಕೆ ಇಳಿಯಬೇಕು. ಅದಕ್ಕೆ ನೈವೇದ್ಯದ ಸೂತ್ರಕ್ಕಿಂತ ಒಳ್ಳೆಯ ಪಠ್ಯ ಇಲ್ಲ. ಸತ್ತವರ ನೆನಪಿನ ಕಲ್ಲುಗಳಲ್ಲಿ, ಶವಪೆಟ್ಟಿಗೆಗಳಲ್ಲಿ, ಸಮಾಧಿ ಬಾಗಿಲುಗಳಲ್ಲಿ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಇದೇ ಬರುತ್ತದೆ. ಆರಂಭ ಹೆತೆಪ್-ದಿ-ನೆಸು, ಅಂದರೆ ರಾಜ ಕೊಡುವ ನೈವೇದ್ಯ. ಬರವಣಿಗೆಯಲ್ಲಿ ಮಾತ್ರ ರಾಜನ ಚಿಹ್ನೆ ಮೊದಲು ಬರುತ್ತದೆ, ಗೌರವಕ್ಕಾಗಿ. ಓದುವಾಗ ಅದನ್ನು ಕೊನೆಗೆ ತರಬೇಕು. ಮುಂದೆ ದೇವರ ಹೆಸರು: ಒಸಿರಿಸ್, ಜೆದುವಿನ ಒಡೆಯ, ಮಹಾದೇವ, ಅಬ್ಜುವಿನ ಒಡೆಯ. ಜೆದು ಎಂದರೆ ಬುಸಿರಿಸ್, ಅಬ್ಜು ಎಂದರೆ ಅಬಿಡೋಸ್. ಆಮೇಲೆ ಕೊಡುವ ವಸ್ತುಗಳ ಪಟ್ಟಿ: ರೊಟ್ಟಿ, ಬಿಯರು, ಎತ್ತು, ಕೋಳಿಬಾತು, ಅಲಬಾಸ್ಟರ್, ಬಟ್ಟೆ. ಕೊನೆಗೆ ಇಂಥವರ ‘ಕಾ’ಗೆ, ಅಂದರೆ ಜೀವಶಕ್ತಿಗೆ, ಎಂದು ಸತ್ತವರ ಹೆಸರು, ಹುದ್ದೆ, ಮಾತು ನಿಜವಾದವರು ಎಂಬರ್ಥದ ಮಾ-ಖೆರು ಬಿರುದು. ನಮ್ಮ ಶಾಸನಗಳಲ್ಲಿ ಸ್ವಸ್ತಿಶ್ರೀ ಕಂಡ ಕೂಡಲೇ ಮುಂದೆ ಅರಸನ ಬಿರುದು ಬರುತ್ತದೆಂದು ಗೊತ್ತಾಗುತ್ತದಲ್ಲ, ಇಲ್ಲೂ ಹಾಗೆಯೇ. ಮುಂದೆ ಏನು ಬರಬೇಕು ಎಂಬುದು ಗೊತ್ತಿದ್ದರೆ ಒಡೆದುಹೋದ ಭಾಗವನ್ನೂ ಊಹಿಸಬಹುದು, ಸೂತ್ರ ಮುಗಿದು ವ್ಯಕ್ತಿಯ ವಿವರ ಎಲ್ಲಿ ಶುರುವಾಗುತ್ತದೆ ಎಂಬುದೂ ತಿಳಿಯುತ್ತದೆ.

ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಟ್ಯೂರಿನ್‌ನ ಈಜಿಪ್ಟ್ ಮ್ಯೂಸಿಯಂ ಮೂರರ ಸಂಗ್ರಹವೂ ಆನ್‌ಲೈನ್‌ನಲ್ಲಿ ಇದೆ. ಒಂದು ಕಲ್ಲು ಆರಿಸಿ. ಫೋಟೊ ಪ್ರಿಂಟ್ ತೆಗೆದು ಮೇಲೆ ಟ್ರೇಸಿಂಗ್ ಶೀಟ್ ಇಟ್ಟು ನಕಲು ಮಾಡಿ, ದಿಕ್ಕಿನ ಬಾಣ ಹಾಕಿ, ಚಿಹ್ನೆ ಸಂಖ್ಯೆ ಬರೆಯಿರಿ, ಆಮೇಲೆ ಲಿಪ್ಯಂತರ, ಪದಾರ್ಥ, ಅನುವಾದ. ಪ್ರತಿ ಪದವನ್ನೂ ಬರ್ಲಿನ್ ಅಕಾಡೆಮಿಯ ಥೆಸಾರಸ್ ಲಿಂಗ್ವೆ ಈಜಿಪ್ಟಿಯೆ ಎಂಬ ಉಚಿತ ನಿಘಂಟಿನಲ್ಲಿ ನೋಡಿ. ಮ್ಯೂಸಿಯಂ ಕೊಟ್ಟ ಅನುವಾದವನ್ನು ಕೊನೆಯಲ್ಲಷ್ಟೇ ತೆರೆಯಿರಿ. ಮೊದಲೇ ನೋಡಿದರೆ ಕಣ್ಣು ಅದನ್ನೇ ಕಲ್ಲಿನಲ್ಲಿ ಕಾಣುತ್ತದೆ. ಇಂಥ 30 ಕಲ್ಲುಗಳ ಫೈಲ್ ಇದ್ದರೆ ಅರ್ಜಿಯ ಜೊತೆ ಕಳಿಸಲು ಅದಕ್ಕಿಂತ ಗಟ್ಟಿಯಾದ ದಾಖಲೆ ಬೇಡ.

ಟೈಪ್ ಮಾಡಲು ಜೆಸೆಶ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಹೈಫನ್ ಹಾಕಿದರೆ ಮುಂದಿನ ಗುಂಪು, ಕೋಲನ್ ಹಾಕಿದರೆ ಒಂದರ ಕೆಳಗೊಂದು, ನಕ್ಷತ್ರ ಹಾಕಿದರೆ ಪಕ್ಕಪಕ್ಕ. ಒಂದು ಸಂಜೆಯಲ್ಲಿ ಕಲಿಯಬಹುದು.

ಬೇಗೂರಿನ ಕಲ್ಲು, ಲಕ್ಸರ್‌ನ ಗೋಡೆ

ಶಾಸನ ನಕಲು ಮಾಡುವುದು ಒಂದು ಪ್ರತ್ಯೇಕ ಕಸುಬು. ಈಜಿಪ್ಟಿನ ಲಕ್ಸರ್‌ನಲ್ಲಿ 1924ರಲ್ಲಿ ಶುರುವಾದ ಶಿಕಾಗೊ ಯೂನಿವರ್ಸಿಟಿಯ ಎಪಿಗ್ರಾಫಿಕ್ ಸರ್ವೆ ಇದಕ್ಕೆ ಮಾದರಿ. ಗೋಡೆಯ ದೊಡ್ಡ ಫೋಟೊ ತೆಗೆದು, ಅದರ ಮೇಲೆ ಗೋಡೆಯ ಎದುರೇ ನಿಂತು ಪೆನ್ಸಿಲ್ ಗೆರೆ ಎಳೆದು, ಶಾಯಿ ಹಾಕಿ, ಫೋಟೊವನ್ನು ಬ್ಲೀಚ್ ಮಾಡಿ ಗೆರೆ ಮಾತ್ರ ಉಳಿಸಿ, ಆಮೇಲೆ ಈಜಿಪ್ಟಾಲಜಿಸ್ಟ್‌ಗಳು ಒಬ್ಬರಾದ ಮೇಲೆ ಒಬ್ಬರು ಆ ಗೆರೆಯನ್ನು ಗೋಡೆಗೆ ಹಿಡಿದು ತಿದ್ದುತ್ತಿದ್ದರು. ಈಗ ಟ್ಯಾಬ್ಲೆಟ್ ಮೇಲೆ ಮಾಡುತ್ತಾರೆ, ಆದರೆ ಗೋಡೆಯೆದುರು ನಿಂತು ಸರಿನೋಡುವ ಹಂತ ಬಿಟ್ಟಿಲ್ಲ.

ಇದನ್ನು ಅಭ್ಯಾಸ ಮಾಡಲು ಬೆಂಗಳೂರಿಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ‘ಬೆಂಗಳೂರು ಕಾಳಗ’ ಎಂದು ಉಲ್ಲೇಖಿಸುವ, ಸುಮಾರು ಕ್ರಿ.ಶ. 890ರ ಶಾಸನವಿದೆ. ಹೆಬ್ಬಾಳದಲ್ಲಿ ಕಿತ್ತಯ್ಯನ ವೀರಗಲ್ಲು ಇದೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ನಗರದ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸ್ಥಳದವರ ಅನುಮತಿ ಪಡೆದು, ಕಲ್ಲನ್ನು ಮುಟ್ಟದೆ ಅಭ್ಯಾಸ ಮಾಡಿ. ಬೆಳಗ್ಗೆ ಅಥವಾ ಸಂಜೆ ಹೋಗಿ, ಟಾರ್ಚನ್ನು ಕಲ್ಲಿನ ಮೇಲ್ಮೈಗೆ 10ರಿಂದ 20 ಡಿಗ್ರಿ ಓರೆಯಲ್ಲಿ ಹಿಡಿದು ನಾಲ್ಕೂ ದಿಕ್ಕಿನಿಂದ ಒಂದೊಂದು ಫೋಟೊ ತೆಗೆಯಿರಿ. ಎಡದಿಂದ ಬೆಳಕು ಬಿದ್ದಾಗ ಕಾಣದ ಅಡ್ಡಗೆರೆ ಮೇಲಿನಿಂದ ಬಿದ್ದಾಗ ಕಾಣುವುದು, ಕಲ್ಲಿನ ಸೀಳು ಅಕ್ಷರದಂತೆ ಕಾಣುವುದು ಎಲ್ಲ ಆಗ ಗೊತ್ತಾಗುತ್ತದೆ. ಅಳತೆಪಟ್ಟಿ ಫ್ರೇಮಿನಲ್ಲಿ ಇರಲೇಬೇಕು, ಅದೂ ಕಲ್ಲಿನ ಮೇಲ್ಮೈಯ ಮಟ್ಟದಲ್ಲೇ.

ಚಿತ್ರ ಬಿಡಿಸುವ ನಿಯಮ ಹೀಗೆ. ಬೆಳಕು ಮೇಲಿನ ಎಡಮೂಲೆಯಿಂದ 45 ಡಿಗ್ರಿಯಲ್ಲಿ ಬೀಳುತ್ತಿದೆ ಎಂದು ಇಟ್ಟುಕೊಳ್ಳಿ. ಉಬ್ಬುಶಿಲ್ಪವಾದರೆ ನೆರಳು ಕೆಳಗೆ ಮತ್ತು ಬಲಕ್ಕೆ, ಆ ಅಂಚುಗಳ ಗೆರೆ ದಪ್ಪ. ಒಳಕೊರೆತವಾದರೆ ನೆರಳು ಮೇಲೆ ಮತ್ತು ಎಡಕ್ಕೆ, ಆ ಗೆರೆ ದಪ್ಪ. 0.3 ಮತ್ತು 0.5 ಮಿಲಿಮೀಟರ್ ಪೆನ್ನುಗಳೆರಡು ಸಾಕು. ಈ ನಿಯಮ ತಪ್ಪಿದರೆ ಓದುಗನಿಗೆ ಗೋಡೆ ಉಬ್ಬೋ ತಗ್ಗೋ ಗೊತ್ತಾಗುವುದಿಲ್ಲ. ಈಜಿಪ್ಟಿನಲ್ಲಿ ಇದರಿಂದ ಕಾಲನಿರ್ಣಯದ ಸುಳಿವೇ ಹೋಗುತ್ತದೆ.

ನಮ್ಮಲ್ಲಿ ಒದ್ದೆ ಕಾಗದ ಹಾಕಿ ಶಾಸನದ ಅಚ್ಚು ತೆಗೆಯುವ ಪದ್ಧತಿ ಬಹಳ ಒಳ್ಳೆಯದು, ಗ್ರಾನೈಟ್ ಅದನ್ನು ತಡೆಯುತ್ತದೆ. ಈಜಿಪ್ಟಿನ ಸುಣ್ಣಕಲ್ಲು, ಮರಳುಗಲ್ಲಿನ ಮೇಲೆ ಬಣ್ಣ ಇರುತ್ತದೆ. 19ನೇ ಶತಮಾನದಲ್ಲಿ ಹೀಗೆ ಅಚ್ಚು ತೆಗೆದ ಕಡೆ ಬಣ್ಣ ಕಾಗದದ ಜೊತೆಗೇ ಎದ್ದುಬಂತು. ಸಂದರ್ಶನದಲ್ಲಿ ಅಚ್ಚು ತೆಗೆಯಲು ಬರುತ್ತದೆ ಎನ್ನುವವರು ಅಲ್ಲಿ ಅದನ್ನು ಏಕೆ ಮಾಡಬಾರದು ಎಂಬುದನ್ನೂ ಸೇರಿಸಿ ಹೇಳಬೇಕು.

ಮಡಕೆ ಚೂರು

ಯಾವ ಅಗೆತದಲ್ಲೂ ಅತಿ ಹೆಚ್ಚು ಸಿಗುವುದು ಮಡಕೆ ಚೂರು, ಅತಿ ಕಡಿಮೆ ಇರುವುದು ಅದರ ಚಿತ್ರವನ್ನು ಚೆನ್ನಾಗಿ ಬಿಡಿಸಬಲ್ಲವರು. ಮೊದಲ ಸೀಸನ್‌ಗೆ ಕರೆ ಬರುವ ಸುಲಭದ ದಾರಿ ಇದು. ಪಾಟರಿ ಟೌನ್‌ಗೆ ಹೋಗಿ ಸುಟ್ಟ ನಂತರ ಒಡೆದ ಕುಡಿಕೆ, ಮಡಕೆಗಳ ಅಂಚಿನ ಚೂರುಗಳನ್ನು ಕೇಳಿ ತನ್ನಿ. ಕುಂಬಾರರ ತಿಗರಿಯ ಮೇಲೆ ಅಂಚು ಹೇಗೆ ಮಡಚಿಕೊಳ್ಳುತ್ತದೆ, ಬುಡವನ್ನು ದಾರದಿಂದ ಹೇಗೆ ಕತ್ತರಿಸುತ್ತಾರೆ ಎಂಬುದನ್ನು ಒಂದು ಬೆಳಗ್ಗೆ ನಿಂತು ನೋಡಿ, ಚೂರಿನ ಮೇಲಿನ ಗುರುತುಗಳು ಆಮೇಲೆ ಓದಲು ಬರುತ್ತವೆ.

ಬೇಕಾದದ್ದು: ಒಂದೊಂದು ಸೆಂಟಿಮೀಟರ್ ಅಂತರದ ವೃತ್ತಗಳಿರುವ ಚಾರ್ಟ್, ವರ್ನಿಯರ್ ಕ್ಯಾಲಿಪರ್, ಸೂಜಿಗಳ ಪ್ರೊಫೈಲ್ ಗೇಜ್, ಮಿಲಿಮೀಟರ್ ಗ್ರಾಫ್ ಶೀಟ್, 2ಎಚ್ ಪೆನ್ಸಿಲ್. ಚೂರಿನ ಅಂಚನ್ನು ಕೆಳಮುಖವಾಗಿ ಸಮತಟ್ಟಾದ ಹಲಗೆಯ ಮೇಲಿಟ್ಟು, ಅಂಚಿನ ಕೆಳಗೆ ಬೆಳಕು ತೂರದಂತೆ ಆಗುವವರೆಗೆ ಮೆಲ್ಲನೆ ಓಲಾಡಿಸಿ. ಆ ಓರೆಯೇ ಪಾತ್ರೆ ನಿಂತಿದ್ದ ಓರೆ. ಎಲ್ಲ ತಪ್ಪುಗಳೂ ಇಲ್ಲೇ ಹುಟ್ಟುತ್ತವೆ. ಐದು ಡಿಗ್ರಿ ತಪ್ಪಿದರೆ ಬಟ್ಟಲು ತಟ್ಟೆಯಾಗುತ್ತದೆ. ಓರೆ ಸಿಕ್ಕಮೇಲೆ ಚಾರ್ಟಿನ ವೃತ್ತದ ಮೇಲಿಟ್ಟು ವ್ಯಾಸ ನೋಡಿ, ಪೂರ್ತಿ ಅಂಚಿನ ಎಷ್ಟು ಶೇಕಡ ಉಳಿದಿದೆ ಎಂದು ಬರೆದಿಡಿ. ಶೇ 5ಕ್ಕಿಂತ ಕಡಿಮೆ ಇದ್ದರೆ ವ್ಯಾಸವನ್ನು ನಂಬಬೇಡಿ, ಪ್ರಶ್ನಾರ್ಥಕ ಹಾಕಿ. ಚಿತ್ರದಲ್ಲಿ ನಡುಗೆರೆಯ ಒಂದು ಬದಿಗೆ ಸೀಳುನೋಟ, ಇನ್ನೊಂದು ಬದಿಗೆ ಹೊರಮೈ. ಯಾವುದು ಎಡ ಯಾವುದು ಬಲ ಎಂಬುದು ತಂಡದಿಂದ ತಂಡಕ್ಕೆ ಬೇರೆ, ಮೊದಲೇ ಕೇಳಿ. ದಪ್ಪವನ್ನು ಕನಿಷ್ಠ ಮೂರು ಕಡೆ ಕ್ಯಾಲಿಪರ್‌ನಲ್ಲಿ ಅಳೆಯಿರಿ, ಗೇಜ್ ಒಂದನ್ನೇ ನಂಬಿದರೆ ಒಳಮೈ ಯಾವಾಗಲೂ ತಪ್ಪುತ್ತದೆ.

ಈಜಿಪ್ಟಿನ ಮಣ್ಣನ್ನು ವಿಯೆನ್ನಾ ಪದ್ಧತಿಯಲ್ಲಿ ವಿಂಗಡಿಸುತ್ತಾರೆ. ನೈಲ್ ಮೆಕ್ಕಲು ಮಣ್ಣು ಸುಟ್ಟಾಗ ಕಂದುಗೆಂಪು, ಮರುಭೂಮಿ ಅಂಚಿನ ಮಾರ್ಲ್ ಜೇಡಿ ತಿಳಿಹಳದಿಯಿಂದ ಬೂದು. ಪ್ರತಿಯೊಂದಕ್ಕೂ ಎ, ಬಿ, ಸಿ ಎಂಬ ಉಪವರ್ಗ. ಇದನ್ನು ಚಿತ್ರ ನೋಡಿ ಕಲಿಯಲಾಗದು, ಹೊಸದಾಗಿ ಮುರಿದ ಅಂಚನ್ನು 10 ಪಟ್ಟು ಲೆನ್ಸಿನಲ್ಲಿ ನೋಡುವ ಕಣ್ಣಿನ ಅಭ್ಯಾಸ ಮಾತ್ರ ಇಲ್ಲಿಂದ ಒಯ್ಯಬಹುದು.

ನಮ್ಮ ಕಡೆಯಿಂದ ಹೋಗುವ ದಾರಿ

ವಿಷಯದ ಆಯ್ಕೆಯಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ: ಬೆಂಗಳೂರಿನಿಂದ ಹೋಗುವವರು ರಾಜರ ಸಮಾಧಿಗಳನ್ನೇ ಆರಿಸಬೇಕಿಲ್ಲ. ಕೆಂಪು ಸಮುದ್ರದ ಬಂದರುಗಳಲ್ಲಿ ಭಾರತ ಗೊತ್ತಿರುವವರು ಬೇಕು. ಬೆರೆನಿಕೆಯಲ್ಲಿ ಸೆರಾಪಿಸ್ ದೇವಾಲಯದ ಅಂಗಳದಲ್ಲಿ ಭಾರತದಲ್ಲೇ ಮಾಡಿದ ದೊಡ್ಡ ಸಂಗ್ರಹದ ಮಡಕೆಯೊಂದರಲ್ಲಿ ಸುಮಾರು ಏಳೂವರೆ ಕಿಲೊ ಕರಿಮೆಣಸು ಸಿಕ್ಕಿತು, ಕ್ರಿ.ಶ. ಒಂದನೇ ಶತಮಾನದ್ದು. ಅಲ್ಲೇ ತೇಗದ ಮರ, ತೆಂಗು, ಅಕ್ಕಿ, ಮಣಿಗಳು ಸಿಕ್ಕಿವೆ. ಬುದ್ಧನ ವಿಗ್ರಹವೂ ಸಂಸ್ಕೃತ ಶಾಸನವೂ ಸಿಕ್ಕಿವೆ. ಈ ಕಡೆಯ ತುದಿ ನೋಡಿ: ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯ ಸಿಕ್ಕಿದೆ. ಭಾರತಕ್ಕೆ ಬಂದ ರೋಮನ್ ಹಣದ ಬಹುಪಾಲು ಈಜಿಪ್ಟಿನ ಆ ಬಂದರುಗಳ ಮೂಲಕವೇ ಬಂತು.

ಆಕ್ಸಿರಿಂಕಸ್‌ನ (ಈಜಿಪ್ಟಿನ ಹಳೆಯ ಊರು) ಕಸದ ಗುಡ್ಡದಿಂದ ಬಂದ, 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದ ಪಪೈರಸ್ ಕನ್ನಡಿಗರಿಗೆ ಗೊತ್ತಿರುವಂಥದ್ದೇ. ಅದರಲ್ಲಿ ಭಾರತದ ತೀರದವರು ಆಡುವ ಅರ್ಥವಾಗದ ಮಾತುಗಳನ್ನು ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಅವರು ಕನ್ನಡವೆಂದು ಓದಿದರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ, ಸಂಖ್ಯೆ 413 ಎಂಬ ಈ ಪಪೈರಸ್ಸಿನ ವಾದ ಮುಗಿದಿಲ್ಲ. ಇದರ ಬಗ್ಗೆ ಬರೆಯಬೇಕೆಂದಿರುವವರು ಮೊದಲು ಗ್ರೀಕ್ ಕಲಿತು, ಪಪೈರಸ್ಸಿನ ಫೋಟೊದಲ್ಲಿ ಅಕ್ಷರಗಳನ್ನು ಸ್ವತಃ ಓದಬೇಕು. ಅಚ್ಚಾದ ಪಾಠದಲ್ಲಿನ ಪದವಿಭಜನೆ ಸಂಪಾದಕರದ್ದು, ಲಿಪಿಕಾರನದ್ದಲ್ಲ. ಆ ವಿಭಜನೆಯ ಮೇಲೆ ಕನ್ನಡ ಪದ ಕಟ್ಟಿದರೆ ತಳಪಾಯವೇ ಇರುವುದಿಲ್ಲ.

ಬಾಟನಿ ಓದಿದವರಿಗೆ ಇಲ್ಲಿ ದೊಡ್ಡ ಅವಕಾಶ ಇದೆ. ಭತ್ತ, ಹುರುಳಿ, ಹೆಸರು, ಎಳ್ಳು, ಮೆಣಸು ಮುಂತಾದವುಗಳ ಬೀಜಗಳನ್ನು, ಅಗೆತದಲ್ಲಿ ಸಿಕ್ಕ ಬೀಜಗಳೊಡನೆ ಹೋಲಿಸಲು, ಆಧಾರಸಂಗ್ರಹ ಮಾಡಿ, ಪ್ರತಿಯೊಂದನ್ನೂ ಎರಡು ರೂಪದಲ್ಲಿ: ಒಣಗಿದ್ದು ಒಂದು, ಫಾಯಿಲ್‌ನಲ್ಲಿ ಸುತ್ತಿ ಲ್ಯಾಬಿನ ಕುಲುಮೆಯಲ್ಲಿ 250 ಡಿಗ್ರಿ ಆಸುಪಾಸಿನಲ್ಲಿ ಕರಿಕಾಗಿಸಿದ್ದು ಇನ್ನೊಂದು. ಶಾಖ ಹೆಚ್ಚಾದರೆ ಕಾಳು ಉಬ್ಬಿ ಆಕಾರ ಕೆಡುತ್ತದೆ. ಎರಡೂ ಏಕೆ ಬೇಕೆಂದರೆ, ಮರುಭೂಮಿ ಬಂದರುಗಳಲ್ಲಿ ಬೀಜ ಸುಡದೆ ಬರೀ ಒಣಗಿಯೇ ಉಳಿದಿರುತ್ತದೆ, ನಮ್ಮ ಕಡೆ ಸುಟ್ಟದ್ದು ಮಾತ್ರ ಉಳಿಯುತ್ತದೆ. ಮಾದರಿಗಳನ್ನು ಈಜಿಪ್ಟಿನಿಂದ ಹೊರಗೆ ಒಯ್ಯಲು ಬಿಡುವುದಿಲ್ಲವಾದ್ದರಿಂದ ಗುರುತಿಸುವ ಕೆಲಸ ಅಲ್ಲಿಯೇ ಕೂತು ಆಗಬೇಕು. ಸಂಗ್ರಹದ ಅಳತೆಸಹಿತ ಫೋಟೊ ಕಡತ ಇದ್ದವರು ತಂಡಕ್ಕೆ ಬಹಳ ಉಪಯೋಗಕ್ಕೆ ಬರುತ್ತಾರೆ.

ಐಟಿಯಲ್ಲಿರುವವರು ಫೋಟೊಗಳಿಂದ 3ಡಿ ಮಾದರಿ ಕಟ್ಟುವ ಫೋಟೊಗ್ರಾಮೆಟ್ರಿ ಮತ್ತು ಡಿಜಿಟಲ್ ನಕ್ಷೆ ಮಾಡುವ ಜಿಐಎಸ್ ಕಲಿತರೆ ಸಾಕು, ಬೇರೆ ದಾರಿ ಹುಡುಕಬೇಕಿಲ್ಲ.

ಡಿಗ್ರಿ, ಭಾಷೆ, ಹಣ

ಬೆಂಗಳೂರಿನ ಯೂನಿವರ್ಸಿಟಿಗಳಲ್ಲಿ ಈಜಿಪ್ಟಾಲಜಿ ಎಂಬ ಹೆಸರಿನ ಡಿಗ್ರಿ ಇಲ್ಲ. ಇತಿಹಾಸ, ಸಂಸ್ಕೃತ, ಭಾಷಾಶಾಸ್ತ್ರ, ಬಾಟನಿ ಯಾವುದರಲ್ಲಿ ಬಿಎ ಬಿಎಸ್ಸಿ ಆದರೂ ನಡೆಯುತ್ತದೆ. ಆಮೇಲೆ ಅಗೆತದ ಅನುಭವ ಸಿಗುವ ಎಂಎ ಮಾಡಿ: ಮೈಸೂರು ವಿಶ್ವವಿದ್ಯಾಲಯ, ಪುಣೆಯ ಡೆಕ್ಕನ್ ಕಾಲೇಜು, ಬರೋಡಾದ ಎಂಎಸ್ ಯೂನಿವರ್ಸಿಟಿ. ಇಲ್ಲಿ ಒಂದು ಸೀಸನ್ ಟ್ರೆಂಚಿನಲ್ಲಿ, ಅಂದರೆ ಅಗೆತದ ಗುಂಡಿಯಲ್ಲಿ, ನಿಂತು ಮಣ್ಣಿನ ಪದರ ಓದಿದವರು ಈಜಿಪ್ಟಿನಲ್ಲಿ ಹೊಸಬರಲ್ಲ. ಈಜಿಪ್ಟಿನ ಟ್ರೆಂಚಿನಲ್ಲೇ ಮೊದಲ ಪಾಠ ಕಲಿಯುವ ಅವಕಾಶ ವಿದೇಶಿ ವಿದ್ಯಾರ್ಥಿಗಳಿಗೆ ಬಹಳ ಕಡಿಮೆ.

ಮಮ್ಮಿಯನ್ನು ಕಣ್ಣಾರೆ ನೋಡಲು ಹತ್ತಿರದ ಜಾಗ ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್‌ನಲ್ಲಿರುವ ತೆಲಂಗಾಣ ರಾಜ್ಯ ಮ್ಯೂಸಿಯಂ.

ಜರ್ಮನ್ ಇಲ್ಲದೆ ಈ ಕ್ಷೇತ್ರದಲ್ಲಿ ಸಂಶೋಧನೆ ನಡೆಯುವುದಿಲ್ಲ. ಐದು ಸಂಪುಟದ ಮೂಲ ನಿಘಂಟು ಜರ್ಮನ್‌ನಲ್ಲಿದೆ, 1863ರಿಂದ ಬರುತ್ತಿರುವ ಅತಿ ಹಳೆಯ ಪತ್ರಿಕೆಯೂ ಅಲ್ಲಿಯದೇ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬಿ1 ಮಟ್ಟ ಮುಗಿಸಿ, ಆಮೇಲೆ ದಿನಕ್ಕೊಂದು ಪುಟ ಲೇಖನ ಓದಿ. ಫ್ರೆಂಚ್‌ಗೆ ವಸಂತನಗರದ ಅಲಯನ್ಸ್ ಫ್ರಾನ್ಸೆಸ್ ಇದೆ, ಓದುವಷ್ಟು ಬಂದರೆ ಸಾಕು. ಅರಬ್ಬಿಯನ್ನು ಮಾತಾಡುವಷ್ಟು ಕಲಿಯಬೇಕು. ಶಿವಾಜಿನಗರ, ಫ್ರೇಜರ್ ಟೌನ್ ಕಡೆ ಮದ್ರಸಾಗಳಲ್ಲಿ ಕಲಿಸುವ ಅರಬ್ಬಿ ಗ್ರಾಂಥಿಕವಾದದ್ದು, ಲಿಪಿಗೂ ವ್ಯಾಕರಣಕ್ಕೂ ಚೆನ್ನ. ಕೈರೋದ ಆಡುಮಾತು ಬೇರೆ: ಗ್ರಂಥದ ಜೀಮ್ ಅಕ್ಷರದ ಜ ಅಲ್ಲಿ ಗ ಆಗುತ್ತದೆ, ಖಾಫ್ ಅಕ್ಷರದ ಗಂಟಲಿನ ಕ ನುಂಗಿಹೋಗುತ್ತದೆ. ಲಕ್ಸರ್ ಕಡೆ ಅದೇ ಖಾಫ್ ಗ ಆಗುತ್ತದೆ. ಅಗೆತದ ಕೆಲಸಗಾರರೊಡನೆ ದಿನವಿಡೀ ಮಾತಾಡುವುದು ಈ ಭಾಷೆಯಲ್ಲಿ.

ಯೂನಿವರ್ಸಿಟಿಗಳಲ್ಲಿ ಬ್ರಿಟನ್ನಿನ ಆಕ್ಸ್‌ಫರ್ಡ್, ಲಿವರ್‌ಪೂಲ್, ಯೂನಿವರ್ಸಿಟಿ ಕಾಲೇಜ್ ಲಂಡನ್, ಜರ್ಮನಿಯ ಬರ್ಲಿನ್, ಲೈಪ್ಸಿಗ್, ಗೊಟ್ಟಿಂಗೆನ್, ಹೈಡೆಲ್‌ಬರ್ಗ್, ನೆದರ್‌ಲೆಂಡ್ಸಿನ ಲೈಡನ್, ಅಮೆರಿಕದ ಶಿಕಾಗೊ, ಬ್ರೌನ್, ಯೇಲ್, ಕೈರೋದ ಅಮೆರಿಕನ್ ಯೂನಿವರ್ಸಿಟಿ ಹೆಸರಾದವು. ಬ್ರಿಟನ್ನಿನಲ್ಲಿ ಮಾಸ್ಟರ್ಸ್ ಸಾಮಾನ್ಯವಾಗಿ ಒಂದೇ ವರ್ಷ, ಬೇಗ ಮುಗಿಯುತ್ತದೆ, ಆದರೆ ಭಾಷೆ ಮೊದಲೇ ಬರದವರಿಗೆ ಆ ವರ್ಷ ಅಕ್ಷರ ಕಲಿಯುವುದರಲ್ಲೇ ಕಳೆಯುತ್ತದೆ. ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲ. ಹೈಡೆಲ್‌ಬರ್ಗ್ ಇರುವ ರಾಜ್ಯದಲ್ಲಿ ಮಾತ್ರ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರ್‌ಗೆ 1,500 ಯೂರೊ. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕಾದ ಮೊತ್ತ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೊ, ಅರ್ಜಿ ಹಾಕುವ ಮುನ್ನ ಆಗಿನ ಮೊತ್ತ ನೋಡಿಕೊಳ್ಳಿ. ಭಾರತದವರಿಗೆ ಎಪಿಎಸ್ ಪ್ರಮಾಣಪತ್ರ, ಅಂದರೆ ಮಾರ್ಕ್ಸ್‌ಕಾರ್ಡ್, ಡಿಗ್ರಿ ಪರಿಶೀಲಿಸಿ ಕೊಡುವ ಪತ್ರ, ಕಡ್ಡಾಯ. ಮಾರ್ಕ್ಸ್‌ಕಾರ್ಡ್ ತಡವಾಗಿ ಬಂದು ಎಪಿಎಸ್ ತಡವಾಗಿ, ಅದರಿಂದ ವೀಸಾ ತಡವಾಗಿ, ಒಂದು ಸೆಮಿಸ್ಟರ್ ಹೋಗುವುದು ಸಾಮಾನ್ಯವಾಗಿ ಆಗುವ ನಷ್ಟ. ಕೊನೆಯ ಸೆಮಿಸ್ಟರ್ ಪರೀಕ್ಷೆಗೆ ಮೊದಲೇ ಇದನ್ನು ಶುರು ಮಾಡಿ. ಅಮೆರಿಕದಲ್ಲಿ ಪಿಎಚ್‌ಡಿಗೆ ಸ್ಟೈಪೆಂಡ್ ಸಿಗುತ್ತದೆ, ಸೀಟು ಬಹಳ ಕಡಿಮೆ, ಅರ್ಜಿಗಳು ಹೆಚ್ಚಾಗಿ ಡಿಸೆಂಬರ್‌ನಲ್ಲೇ ಮುಗಿಯುತ್ತವೆ. ಹಣಕ್ಕೆ ಜರ್ಮನಿಯ ಡಿಎಎಡಿ, ಕಾಮನ್‌ವೆಲ್ತ್, ಆಕ್ಸ್‌ಫರ್ಡ್‌ಗೆ ಫೀಲಿಕ್ಸ್, ಸಾಲದ ರೂಪದಲ್ಲಿ ಜೆಎನ್ ಟಾಟಾ ಎಂಡೋಮೆಂಟ್ ನೋಡಿ.

ಅರ್ಜಿಯ ಪ್ರಬಂಧದಲ್ಲಿ ಒಂದು ಪ್ರಶ್ನೆ ಇರಲಿ, ಒಂದು ವಸ್ತುಗುಂಪು ಇರಲಿ, ಅದು ಯಾವ ಮ್ಯೂಸಿಯಂನಲ್ಲಿ ಇದೆ ಎಂಬುದು ಇರಲಿ. ‘ಪ್ರಾಚೀನ ಈಜಿಪ್ಟಿನ ಧರ್ಮ’ ಎಂದು ಬರೆದದ್ದನ್ನು ಬದಿಗಿಡುತ್ತಾರೆ. ‘ಅಬಿಡೋಸ್‌ನ ಇಂತಿಂಥ ಕಲ್ಲುಗಳಲ್ಲಿ ನೈವೇದ್ಯ ಸೂತ್ರದ ಈ ಪದ ಏಕೆ ಬದಲಾಗುತ್ತದೆ’ ಎಂದು ಬರೆದದ್ದನ್ನು ಓದುತ್ತಾರೆ. ಪ್ರಾಧ್ಯಾಪಕರಿಗೆ ಬರೆಯುವ ಇಮೇಲ್ ಹತ್ತು ಸಾಲು ದಾಟಬಾರದು, ಅವರ ಯಾವುದಾದರೂ ಒಂದು ಲೇಖನವನ್ನು ನಿಜವಾಗಿ ಓದಿ ಅದರ ಬಗ್ಗೆ ಒಂದು ಪ್ರಶ್ನೆ ಕೇಳಿರಬೇಕು. ಲೈಬ್ರರಿ ಇಲ್ಲದವರಿಗೆ ಜೆಸ್ಟೋರ್‌ನ ಉಚಿತ ಖಾತೆಯಲ್ಲಿ ತಿಂಗಳಿಗೆ 100 ಲೇಖನ ಓದಬಹುದು. ಕೈರೋದ ಫ್ರೆಂಚ್ ಸಂಸ್ಥೆಯ ಬುಲೆಟಿನ್, ಯುಸಿಎಲ್‌ಎ ಈಜಿಪ್ಟಾಲಜಿ ವಿಶ್ವಕೋಶ, ಆಕ್ಸ್‌ಫರ್ಡಿನ ಗ್ರಿಫಿತ್ ಇನ್‌ಸ್ಟಿಟ್ಯೂಟ್‌ನಲ್ಲಿರುವ ಕಾರ್ಟರ್‌ನ ಕಾರ್ಡುಗಳು ಪೂರ್ತಿ ಉಚಿತ.

ಕೆಲಸದ ವಿಚಾರ: ಪ್ರಾಧ್ಯಾಪಕ, ಕ್ಯುರೇಟರ್ ಹುದ್ದೆಗಳು ಪ್ರಪಂಚದಲ್ಲೇ ಕಡಿಮೆ. ಪಿಎಚ್‌ಡಿ ನಂತರ ಎರಡು ಮೂರು ವರ್ಷದ ತಾತ್ಕಾಲಿಕ ಹುದ್ದೆಗಳಲ್ಲಿ ಊರೂರು ತಿರುಗುವುದು ಸಾಮಾನ್ಯ. ಮನೆಯ ಜವಾಬ್ದಾರಿ ಇರುವವರು ಇದನ್ನು ಮನೆಯವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಭಾರತಕ್ಕೆ ಮರಳಿದರೆ ಆರ್ಕಿಯಾಲಜಿಯಲ್ಲಿ ನೆಟ್ ಪಾಸಾಗಿರುವುದು ಕೈಹಿಡಿಯುತ್ತದೆ, ಹೊರಡುವ ಮೊದಲೇ ಮುಗಿಸಿ.

ಮೊದಲ ಸೀಸನ್

ಅಕ್ಟೋಬರ್‌ನಿಂದ ಏಪ್ರಿಲ್ ಅಗೆತದ ಕಾಲ, ಬೇಸಿಗೆಯಲ್ಲಿ ಲಕ್ಸರ್‌ನ ಬಿಸಿಲು 40 ಡಿಗ್ರಿ ದಾಟುತ್ತದೆ. ಪರವಾನಗಿ ತಂಡದ ಹೆಸರಿನಲ್ಲಿ ಇರುತ್ತದೆ. ಪ್ರತಿ ಸದಸ್ಯನ ಪಾಸ್‌ಪೋರ್ಟ್ ವಿವರ ತಿಂಗಳುಗಳ ಮೊದಲೇ ಪುರಾತತ್ವ ಸಚಿವಾಲಯಕ್ಕೆ ಹೋಗಿ ಭದ್ರತಾ ಅನುಮೋದನೆ ಆಗಬೇಕು. ಪಾಸ್‌ಪೋರ್ಟಿನ ಹೆಸರು ಮತ್ತು ಅರ್ಜಿಯ ಹೆಸರು ಅಕ್ಷರಕ್ಕಕ್ಷರ ಒಂದೇ ಇರಲಿ. ನಮ್ಮ ಇನಿಷಿಯಲ್ ಪದ್ಧತಿಯಿಂದ ಒಂದು ಕಡೆ ಕೆ. ಎಂದೂ ಇನ್ನೊಂದು ಕಡೆ ತಂದೆಯ ಪೂರ್ತಿ ಹೆಸರೂ ಇದ್ದರೆ ಅನುಮೋದನೆ ಅಲ್ಲೇ ನಿಲ್ಲುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಸಿಕೊಳ್ಳುವುದು ಒಳ್ಳೆಯದು.

ಡ್ರೋನ್ ಒಯ್ಯಬೇಡಿ, ಅನುಮತಿಯಿಲ್ಲದೆ ಅದು ಅಲ್ಲಿ ಅಪರಾಧ. ಒಯ್ಯಬೇಕಾದದ್ದು: ಒಂದೇ ತುಂಡಿನಲ್ಲಿ ಕುಟ್ಟಿ ಮಾಡಿದ 4 ಇಂಚಿನ ಕರಣೆ, ಬೆಸುಗೆ ಹಾಕಿದ್ದು ಗಟ್ಟಿ ಮಣ್ಣಿನಲ್ಲಿ ಮುರಿಯುತ್ತದೆ, 5 ಮೀಟರ್ ಟೇಪು, ತೂಗುಗುಂಡು, ದಾರಕ್ಕೆ ತೂಗುಹಾಕುವ ಪುಟ್ಟ ಲೆವೆಲ್, ಡ್ರಾಫ್ಟಿಂಗ್ ಫಿಲ್ಮಿಗೆ 4ಎಚ್, 6ಎಚ್ ಪೆನ್ಸಿಲ್, ಮೆದು ಪೆನ್ಸಿಲ್ ಫಿಲ್ಮಿನ ಮೇಲೆ ಮಸಿಯಾಗುತ್ತದೆ.

ಕೆಲಸ ಬೆಳಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಶುರುವಾಗಿ ಮಧ್ಯಾಹ್ನ ಒಂದೆರಡು ಗಂಟೆಗೆ ನಿಲ್ಲುತ್ತದೆ, ಶುಕ್ರವಾರ ರಜ. ಮಧ್ಯಾಹ್ನದ ಮೇಲೆ ಚೂರು ತೊಳೆದು, ನಂಬರು ಬರೆದು, ರಿಜಿಸ್ಟರು ತುಂಬುವುದು. ಕೆಲಸಗಾರರ ಮುಖ್ಯಸ್ಥನಿಗೆ ರಯ್ಯಿಸ್ ಎನ್ನುತ್ತಾರೆ. ಕುಫ್ತ್ ಊರಿನ ಕುಶಲ ಕೆಲಸಗಾರರಿಗೆ ಪುರಾತತ್ವಜ್ಞ ಪೆಟ್ರಿಯ ಕಾಲದಿಂದ, ತಲೆಮಾರುಗಳಿಂದ ಬಂದ ಕೈ ಇದೆ. ಮಣ್ಣಿನ ಇಟ್ಟಿಗೆಯ ಗೋಡೆ ಮತ್ತು ಅದರ ಮೇಲೆ ಕುಸಿದ ಅದೇ ಮಣ್ಣು, ಎರಡರ ನಡುವಿನ ಗೆರೆ ಹೊಸಬರ ಕಣ್ಣಿಗೆ ಕಾಣುವುದಿಲ್ಲ, ಅವರ ಕರಣೆಗೆ ಸಿಗುತ್ತದೆ. ಅವರು ನಿಲ್ಲಿಸಿ ಎಂದರೆ ನಿಲ್ಲಿಸಿ. ಮುಂಜಾನೆ ಮಣ್ಣು ಇನ್ನೂ ತುಸು ತೇವವಾಗಿರುವಾಗ ಇಟ್ಟಿಗೆಯ ಅಂಚು ಚೆನ್ನಾಗಿ ಕಾಣುತ್ತದೆ, ಗೋಡೆಯ ಫೋಟೊ, ನಕ್ಷೆ ಆಗಲೇ ಮಾಡಿ.

ಸಚಿವಾಲಯದ ಇನ್‌ಸ್ಪೆಕ್ಟರ್ ಪ್ರತಿದಿನ ಜೊತೆಗೇ ಇರುತ್ತಾರೆ. ಸಿಕ್ಕ ವಸ್ತುವನ್ನು ಅವರಿಗೆ ಅಂದೇ ತೋರಿಸಿ, ಎರಡೂ ಕಡೆಯ ರಿಜಿಸ್ಟರಿನಲ್ಲಿ ಒಂದೇ ಸಂಖ್ಯೆ ಇದೆಯೇ ನೋಡಿ. 1983ರ 117ನೇ ಕಾನೂನಿನ ಪ್ರಕಾರ ಪುರಾತನ ವಸ್ತುವೆಲ್ಲ ಈಜಿಪ್ಟಿನ ಸರ್ಕಾರದ್ದು, ಹೊರಗೆ ಹೋಗುವಂತಿಲ್ಲ. ಹೊಸ ಶೋಧವನ್ನು ಸಾರ್ವಜನಿಕವಾಗಿ ಘೋಷಿಸುವ ಹಕ್ಕೂ ಮೊದಲು ಸಚಿವಾಲಯದ್ದೇ. ಟ್ರೆಂಚಿನ ಫೋಟೊವನ್ನು ಅಮ್ಮನಿಗೆಂದು ಸ್ಟೇಟಸ್ಸಿಗೆ ಹಾಕಿದರೂ ಇಡೀ ತಂಡದ ಪರವಾನಗಿಗೆ ಕುತ್ತು ಬರುತ್ತದೆ. ಊರಿಗೆ ಬಂದಮೇಲೆ ಯಾರಾದರೂ ಸ್ಕ್ಯಾರಬ್, ಅಂದರೆ ಜೀರುಂಡೆ ಆಕಾರದ ತಾಯಿತ, ತಂದು ‘ಇದು ಅಸಲಿಯಾ ನೋಡಿ’ ಎಂದರೆ ಕೈಗೂ ತೆಗೆದುಕೊಳ್ಳಬೇಡಿ. ನೀವು ಅಸಲಿ ಎಂದ ಮಾತೇ ಕಳ್ಳಮಾಲಿಗೆ ಬೆಲೆ ತರುತ್ತದೆ.

ಸೀಸನ್ ಮುಗಿಯುವ ವಾರ ಎಲ್ಲ ವಸ್ತುವೂ ಗೋದಾಮಿಗೆ ಹೋಗಿ ಬಾಗಿಲಿಗೆ ಮೊಹರು ಬೀಳುತ್ತದೆ. ಆಮೇಲೆ ಒಂದು ಅಳತೆ ಬಿಟ್ಟುಹೋಗಿದೆ ಎಂದು ನೆನಪಾದರೆ ಮುಂದಿನ ಸೀಸನ್‌ವರೆಗೆ ಕಾಯಬೇಕು. ಆದ್ದರಿಂದ ಕೊನೆಯ ಹತ್ತು ದಿನ ಹೊಸದಾಗಿ ಏನನ್ನೂ ಬಿಡಿಸಬೇಡಿ. ಪ್ರತಿ ಚಿತ್ರದ ಮೇಲೂ ವಸ್ತುಸಂಖ್ಯೆ, ಪದರದ ಸಂಖ್ಯೆ, ವ್ಯಾಸ, ಉಳಿದ ಶೇಕಡ, ಮಣ್ಣಿನ ವರ್ಗ, ಬಿಡಿಸಿದವರ ಹೆಸರು, ತಾರೀಖು ಇವೆಯೇ ಎಂದು ಒಂದೊಂದಾಗಿ ನೋಡಿ, ಫೋಟೊ ಸಂಖ್ಯೆಯನ್ನು ರಿಜಿಸ್ಟರಿನ ಜೊತೆ ತಾಳೆ ಹಾಕಿ, ಎರಡು ಬೇರೆ ಹಾರ್ಡ್ ಡಿಸ್ಕಿಗೆ ನಕಲು ಮಾಡಿ ಇಬ್ಬರ ಬ್ಯಾಗಿನಲ್ಲಿ ಇಡಿ.